ಯಾರ ತಲೆಯ ಮೇಲಿನ ಸೂರು

ಹಳೇ ಮನೆಯ ಚಾವಣಿ ಬದಲಿಸಲು ಹೊರಟವನಿಗೆ ಸಲಹೆಗಾರರ ಬರವಿಲ್ಲ. ಹಂಚೋ ಶೀಟೋ, ಮರವೋ ಕಬ್ಬಿಣವೋ, ಹೊಸ ಹಂಚೋ ಹಳೆಯದೋ ಎಂಬುದಕ್ಕೆಲ್ಲ ಅಂಗಡಿ ಮೆಟ್ಟಿಲು ಹತ್ತಿದರೆ ಉತ್ತರ ಸಿಗುತ್ತದೆ. ಇದನ್ನೆಲ್ಲ ನಾನು ಯಾರಿಗಾಗಿ ಆರಿಸುತ್ತಿದ್ದೇನೆ ಎಂಬುದಕ್ಕೆ ಮಾತ್ರ ಯಾವ ಅಂಗಡಿಯಲ್ಲೂ ಉತ್ತರವಿರಲಿಲ್ಲ. ಯಡಿಯೂರಿನ ನಮ್ಮ ಮನೆಯ ಹಂಚು ಇಳಿಸಿ ಮತ್ತೆ ಹೊದಿಸುವಷ್ಟರಲ್ಲಿ ಆ ಪ್ರಶ್ನೆ ನನ್ನನ್ನು ಹಲವು ಸಲ ತಡೆದು ನಿಲ್ಲಿಸಿತು. ಪ್ರತಿ ಸಲವೂ ನನ್ನ ಬಗ್ಗೆ ನನಗೆ ಗೊತ್ತಿಲ್ಲದ ಏನೋ ಒಂದು ಹೊರಬಂತು.

ಯಡಿಯೂರು ಈಗ ಜಯನಗರಕ್ಕೂ ಬನಶಂಕರಿಗೂ ನಡುವೆ ಕರಗಿಹೋದ ಹೆಸರು. 1948ರಲ್ಲಿ ರಾಜಾಜಿ ಜಯನಗರಕ್ಕೆ ಅಡಿಗಲ್ಲು ಇಡುವ ಹೊತ್ತಿಗೆ ಅದು ತನ್ನ ಕೆರೆಯ ಪಕ್ಕ ತನ್ನ ಪಾಡಿಗೆ ತಾನಿದ್ದ ಹಳ್ಳಿ. ಬಡಾವಣೆಗಳು ಬಂದಾಗ ಯಡಿಯೂರು, ಸಿದ್ದಾಪುರ, ಭೈರಸಂದ್ರ, ಸಾರಕ್ಕಿ, ಪುಟ್ಟೇನಹಳ್ಳಿ ಎಲ್ಲವೂ ಮೇನು, ಕ್ರಾಸುಗಳ ನಡುವೆ ಒಳಬೀದಿಗಳಾಗಿ ಉಳಿದುಕೊಂಡವು. ಆ ಒಳಬೀದಿಗಳಲ್ಲಿ ಹಂಚಿನ ಮನೆ ಇನ್ನೂ ಅಲ್ಲೊಂದು ಇಲ್ಲೊಂದು ಕಾಣುತ್ತದೆ. ನಮ್ಮದೂ ಅಂಥದ್ದೇ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಇಟ್ಟಿಗೆ ಗೋಡೆ, ನಡುವೆ ಹಜಾರ, ಮುಂದಕ್ಕೊಂದು ಹಿಂದಕ್ಕೊಂದು ಇಳಿಜಾರಿನ ಹಂಚಿನ ಚಾವಣಿ, ಬಚ್ಚಲಿಗೆ ಆಮೇಲೆ ಯಾವಾಗಲೋ ಸೇರಿಸಿದ ಕಲ್ನಾರು ಶೀಟು. ಮನೆಯ ಮುಖ ಪೂರ್ವಕ್ಕೆ. ಅಮ್ಮ ಮಲಗುವ ಕೋಣೆ ಹಿಂದೆ, ಪಡುವಣದ ಇಳಿಜಾರಿನ ಕೆಳಗೆ. ನಾನಿರುವುದು ಜೆ.ಪಿ. ನಗರದ ಅಪಾರ್ಟ್‌ಮೆಂಟಿನಲ್ಲಿ, ಮಳೆ ಬಂದದ್ದು ಕಿಟಕಿಯಿಂದ ನೋಡಿದರೆ ಮಾತ್ರ ಗೊತ್ತಾಗುವ ಮಹಡಿಯಲ್ಲಿ.

ಆ ಚಾವಣಿ ಸೋರಲು ಶುರುವಾಗಿ ಬಹಳ ಕಾಲವಾಗಿತ್ತು. ಮುಂಗಾರಿಗೆ ಮುಂಚೆ ಒಡೆದ ಹಂಚು ಬದಲಿಸುವುದು, ನೆತ್ತಿಯ ಹಂಚಿನ ಸಂದಿಗೆ ಸಿಮೆಂಟು ಮೆತ್ತುವುದು, ಹಜಾರದಲ್ಲಿ ಬಕೆಟ್ ಇಡುವುದು ನಡೆದೇ ಇತ್ತು. ಹೋದ ಮಳೆಗಾಲದಲ್ಲಿ ಹಂಚಿನ ಭಾರ ಹೊತ್ತು ಗೋಡೆಯ ಮೇಲೆ ಕೂತ ಪಕಾಸಿ ಮರಗಳ ತುದಿ ಪುಡಿಯಾಗಿ ಉದುರತೊಡಗಿದಾಗ ತೇಪೆಯ ಕಾಲ ಮುಗಿಯಿತೆಂದು ಅಕ್ಕನೂ ನಾನೂ ಒಪ್ಪಿದೆವು. ಮುಂದೇನು ಎಂಬಲ್ಲಿ ಒಪ್ಪಲಿಲ್ಲ. ಅಕ್ಕನ ಮಾತು ನೇರ: "ಎಲ್ಲ ಕಿತ್ತು ಮೋಲ್ಡ್ ಹಾಕಿಸು, ಇಲ್ಲಾ ಶೀಟ್ ಹಾಕಿಸು. ಇನ್ನು ಇಪ್ಪತ್ತು ವರ್ಷ ಯಾರೂ ಮೇಲೆ ಹತ್ತೋ ಹಾಗಿರಬಾರದು." ನಾನು ಹಂಚೇ ಇರಲಿ ಎಂದೆ. ಯಾಕೆ ಎಂದಾಗ ಪರಂಪರೆ, ಊರಿನ ಗುರುತು, ತಂಪು ಎಂದು ಒಂದಷ್ಟು ಮಾತು ಜೋಡಿಸಿದೆ. ಅವೆಲ್ಲ ನಿಜವಾದ ಮಾತುಗಳೇ. ನಿಜವಾದ ಮಾತಿನ ಹಿಂದೆಯೂ ಬೇರೆ ಆಸೆ ಕೂತಿರಬಹುದು ಎಂಬುದನ್ನು ಆಗ ನಾನು ಯೋಚಿಸಿರಲಿಲ್ಲ.

ಮೊದಲು ತೂಕದ ಲೆಕ್ಕ ಹಾಕಿದೆ. ಚಾವಣಿಯ ವಿಷಯದಲ್ಲಿ ಗೋಡೆಯನ್ನು ಕೇಳದೆ ಏನನ್ನೂ ತೀರ್ಮಾನಿಸುವ ಹಾಗಿಲ್ಲ. ನೂರು ಚದರಡಿಯ ಒಂದು ಚದರಕ್ಕೆ ಮಂಗಳೂರು ಹಂಚು 130ರಿಂದ 140 ಬೇಕು. ಒಂದೊಂದೂ ಸುಮಾರು ಎರಡೂವರೆ ಕಿಲೋ. ಅಂದರೆ ಹಂಚೇ ಮುನ್ನೂರು ಕಿಲೋ ದಾಟುತ್ತದೆ, ನೆನೆದಾಗ ಇನ್ನಷ್ಟು. ಅರ್ಧ ಮಿಲಿಮೀಟರಿನ ಉಕ್ಕಿನ ಶೀಟಾದರೆ ಅಷ್ಟೇ ಜಾಗಕ್ಕೆ ನಲವತ್ತು ಕಿಲೋ ಆಸುಪಾಸು. ಐದು ಇಂಚು ದಪ್ಪದ ಕಾಂಕ್ರೀಟ್ ಸ್ಲ್ಯಾಬಾದರೆ ಹೆಚ್ಚುಕಡಿಮೆ ಮೂರು ಟನ್. ನಲವತ್ತು, ಮುನ್ನೂರು, ಮೂರು ಸಾವಿರ! ಮಣ್ಣಿನ ಗಾರೆಯ ಗೋಡೆಯ ಮೇಲೆ ಮೂರು ಟನ್ನಿನ ಚದರಗಳನ್ನು ಹೊರಿಸುವುದೆಂದರೆ ಒಳಗೆ ಬೇರೆ ಕಂಬ, ಬೀಮು ಎಬ್ಬಿಸಬೇಕು. ಅದು ಚಾವಣಿ ಬದಲಿಸುವ ಕೆಲಸವಾಗಿ ಉಳಿಯದೆ ಬೇರೆ ಮನೆ ಕಟ್ಟುವ ಕೆಲಸವಾಗುತ್ತದೆ.

ಸ್ಲ್ಯಾಬಿನಲ್ಲೂ ಹಗುರದ ದಾರಿ ಇದೆ. ಕಾಂಕ್ರೀಟಿನ ಕೆಳಭಾಗ ಹೆಚ್ಚು ಕೆಲಸ ಮಾಡದೆ ಬರೀ ತೂಕ ಹೊತ್ತಿರುತ್ತದೆ. ಆ ಜಾಗದಲ್ಲಿ ಮಂಗಳೂರು ಹಂಚನ್ನೇ ತುಂಬಿ ಸಿಮೆಂಟು, ಕಬ್ಬಿಣ ಉಳಿಸುವ ಫಿಲ್ಲರ್ ಸ್ಲ್ಯಾಬನ್ನು ಕೇರಳದಲ್ಲಿ ಲಾರಿ ಬೇಕರ್ ಜನಪ್ರಿಯಗೊಳಿಸಿದರು. ಬೆಂಗಳೂರಿನಲ್ಲಿಯೂ ಮಣ್ಣಿನ ಇಟ್ಟಿಗೆಯ ಮನೆ ಕಟ್ಟಿಸುವವರು ಅದನ್ನು ಮಾಡಿಸುತ್ತಾರೆ. ಹೊಸ ಮನೆಗೆ ಒಳ್ಳೆಯ ಆಯ್ಕೆ. ನಮ್ಮ ಗೋಡೆಗೆ ಅದೂ ಭಾರವೇ.

ಇನ್ನು ಶೀಟು. ಗ್ಯಾಲ್ವಾಲ್ಯೂಮ್ ಎಂದು ಮಾರುವ ಶೀಟಿನ ಲೇಪದಲ್ಲಿ ಶೇ. 55 ಅಲ್ಯೂಮಿನಿಯಂ, ಉಳಿದದ್ದು ಬಹುಪಾಲು ಸತು; ಬರೀ ಸತುವಿನ ಹಳೇ ತಗಡಿಗಿಂತ ತುಕ್ಕು ತಡೆಯುವ ಶಕ್ತಿ ಹೆಚ್ಚು. ಹಂಚಿನ ಆಕಾರಕ್ಕೇ ಒತ್ತಿ, ಕೆಂಪು ಬಣ್ಣ ಬಳಿದ ಶೀಟೂ ಬಂದಿದೆ. ಕನಕಪುರ ರಸ್ತೆಯ ವಿಲ್ಲಾಗಳಲ್ಲಿ ಡಾಂಬರಿನ ಶಿಂಗಲ್ಸ್ ಕಾಣುತ್ತದೆ. ಅದಕ್ಕೆ ಅಡಿಯಲ್ಲಿ ಪೂರ್ತಿ ಹಲಗೆ ಹಾಸಬೇಕು, ಒಂದು ಕಿತ್ತರೆ ಅದೇ ಬಣ್ಣದ್ದು ಮತ್ತೆ ಹುಡುಕಬೇಕು. ಶೀಟಿಗೆ ಅಷ್ಟು ತಾಪತ್ರಯವಿಲ್ಲ. ಹಗುರವಾದ್ದರಿಂದ ಗಾಳಿಗೆ ಏಳದಂತೆ ಬಿಗಿಯಬೇಕು, ರಬ್ಬರ್ ವಾಷರ್ ಇರುವ ಸ್ಕ್ರೂ ಹಾಕಬೇಕು, ಶಾಖಕ್ಕೂ ಸದ್ದಿಗೂ ಅಡಿಯಲ್ಲೊಂದು ಪದರ ಕೊಡಬೇಕು, ಅಷ್ಟೇ. ನ್ಯಾಯವಾಗಿ ನೋಡಿದರೆ ಅಕ್ಕನ ಆಯ್ಕೆಯಲ್ಲಿ ದೋಷವಿರಲಿಲ್ಲ.

ಆದರೂ ನನ್ನ ಮನಸ್ಸು ಒಪ್ಪಲಿಲ್ಲ. ಯಾಕೆ ಒಪ್ಪುತ್ತಿಲ್ಲ ಎಂದು ಕೇಳಿಕೊಂಡಾಗ ಮೊದಲು ಬಂದದ್ದು ಬೀದಿಯ ನೋಟ. ನಾಲ್ಕು ಅಂತಸ್ತಿನ ಕಟ್ಟಡಗಳ ನಡುವೆ ಕಪ್ಪುಗೆಂಪಾದ ಆ ಇಳಿಜಾರು ಕಂಡ ಕೂಡಲೇ ದಾರಿಹೋಕರು ನಿಲ್ಲುತ್ತಾರೆ, ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾರೆ. "ನಿಮ್ಮನೇನಾ? ಉಳಿಸ್ಕೊಂಡಿದೀರಲ್ಲ!" ಎನ್ನುತ್ತಾರೆ. ಆ ಮಾತು ನನಗೆ ಇಷ್ಟ. ಎಷ್ಟು ಇಷ್ಟವೆಂದರೆ, ಅದನ್ನು ಕೇಳುವುದಕ್ಕಾಗಿಯೇ ಸ್ನೇಹಿತರನ್ನು ಆ ಬೀದಿಯಲ್ಲಿ ಕರೆದುಕೊಂಡು ಹೋದದ್ದುಂಟು. ಹಂಚಿನ ಮನೆಯವನು ಎನಿಸಿಕೊಳ್ಳುವುದು ನನ್ನ ಗುರುತಿನ ಭಾಗವಾಗಿತ್ತು, ಹಂಚಿನ ಕೆಳಗೆ ನಾನು ಮಲಗದೆ ವರ್ಷಗಳೇ ಕಳೆದಿದ್ದರೂ.

ಅಮ್ಮನನ್ನು ಕೇಳಿದೆ. ಮುಂಚೆಯೇ ಕೇಳಬಹುದಿತ್ತು; ಅಕ್ಕನೂ ನಾನೂ ವಾದ ಮಾಡುತ್ತಿದ್ದಾಗ ಅವರು ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತ ಕೂತಿದ್ದರು. "ನೋಡೋಕೆ ಚೆಂದ ಅನ್ನೋದು ಹೊರಗಿರೋರ ಮಾತಪ್ಪ," ಎಂದರು. "ಒಳಗೆ ಮಲಗೋಳು ನಾನು. ನಂಗೆ ಹಾಸಿಗೆ ಮೇಲೆ ಮಣ್ಣು ಉದುರಬಾರದು, ರಾತ್ರಿ ಇಲಿ ಓಡಾಡಬಾರದು. ಮಳೆ ಬಂದ್ರೆ ಎದ್ದು ಬಕೆಟ್ ಇಡೋ ಹಾಗಿರಬಾರದು. ಬೆಳಿಗ್ಗೆ ಪೇಪರ್ ಓದೋಕೆ ಒಂದಿಷ್ಟು ಬೆಳಕು ಬೇಕು. ಹಂಚಾದ್ರೂ ಹಾಕು, ತಗಡಾದ್ರೂ ಹಾಕು."

ನಾನು ತಿಂಗಳುಗಟ್ಟಲೆ ಹಂಚು, ಶೀಟು ಎಂದು ಓದಿ ಮಾಡಿಕೊಂಡ ಟಿಪ್ಪಣಿಯಲ್ಲಿ ಈ ನಾಲ್ಕರಲ್ಲಿ ಒಂದೂ ಇರಲಿಲ್ಲ. ಮಣ್ಣು, ಇಲಿ, ಬಕೆಟ್, ಬೆಳಕು: ಚಾವಣಿಯ ಕೆಳಗೆ ಬದುಕುವವರ ಪಟ್ಟಿ ಇದು. ನನ್ನ ಪಟ್ಟಿಯಲ್ಲಿದ್ದದ್ದು ಬಣ್ಣ, ಬಾಳಿಕೆ, ಬೆಲೆ, ಬೀದಿಯ ನೋಟ. ಅಮ್ಮ ಯಾವುದನ್ನೂ ದೂರಿನ ಹಾಗೆ ಹೇಳಲಿಲ್ಲ. ದೂರಿದ್ದರೆ ಸಮಾಧಾನ ಹೇಳಿ ಮುಗಿಸಬಹುದಿತ್ತು. ಕೇಳಿದ್ದಕ್ಕೆ ಉತ್ತರ ಕೊಟ್ಟರು, ಅಷ್ಟೇ. ಅಲ್ಲಿಂದಾಚೆಗೆ ಯಾವ ಸಾಮಾನು ನೋಡಿದರೂ ಆ ನಾಲ್ಕಕ್ಕೆ ಇದು ಏನು ಮಾಡುತ್ತದೆ ಎಂದು ಕೇಳದೆ ಮುಂದಕ್ಕೆ ಹೋಗಲಾಗಲಿಲ್ಲ.

ಹಂಚಿನ ಬಗ್ಗೆ ನನಗಿದ್ದ ಪ್ರೀತಿ ಬೀದಿಯ ಹೊಗಳಿಕೆಯಿಂದ ಮಾತ್ರ ಹುಟ್ಟಿದ್ದೇ? ಅದನ್ನೂ ಪರೀಕ್ಷಿಸಬೇಕಿತ್ತು. ನಮ್ಮ ಮರಗೆಲಸದ ಆಚಾರ್ರ ಜೊತೆ ಏಣಿ ಹತ್ತಿ ಒಂದಿಡೀ ಬೆಳಿಗ್ಗೆ ಮೇಲೆ ಕಳೆದೆ. ಅವರು ಹಂಚನ್ನು ಎತ್ತಿ, ಎಡಗೈಯಲ್ಲಿ ತೂಗುಬಿಟ್ಟು, ಬಲಗೈ ಬೆರಳಿನ ಗೆಣ್ಣಿನಿಂದ ಬಡಿಯುತ್ತಿದ್ದರು. ಚೆನ್ನಾಗಿ ಬೆಂದ ಹಂಚು ಠಣ್ ಎನ್ನುತ್ತದೆ. ಒಳಗೆ ಬಿರುಕು ಬಿಟ್ಟದ್ದು ದಬ್ ಎನ್ನುತ್ತದೆ. ಠಣ್ ಎಂದದ್ದು ಒಂದು ಸಾಲು, ದಬ್ ಎಂದದ್ದು ಇನ್ನೊಂದು ಸಾಲು. ಆಮೇಲೆ ಠಣ್ ಎಂದವುಗಳ ಬೆನ್ನಿನ ಮೇಲೆ ನೀರು ನಿಲ್ಲಿಸಿ ಅಡಿಯಲ್ಲಿ ತೇವ ಬರುತ್ತದೆಯೇ ಎಂದು ನೋಡಿದರು. ನಾಲ್ಕು ಮೂಲೆಯೂ ನೆಲ ಮುಟ್ಟುತ್ತದೆಯೇ, ತಿರುಚಿಕೊಂಡಿದೆಯೇ ಎಂದು ಹಲಗೆಯ ಮೇಲಿಟ್ಟು ನೋಡಿದರು. ಅಡಿಯಲ್ಲಿ, ಪಕಾಸಿಗಳ ಮೇಲೆ ಅಡ್ಡಕ್ಕೆ ಹೊಡೆದ ರೀಪಿಗೆ ಕಚ್ಚಿಕೊಳ್ಳುವ ಎರಡು ಉಬ್ಬು ಮುರಿದಿದ್ದರೆ ಹಂಚು ಎಷ್ಟೇ ಗಟ್ಟಿಯಿದ್ದರೂ ಬೇಡವೆಂದು ಪಕ್ಕಕ್ಕಿಟ್ಟರು.

ಕೆಲವು ಹಂಚಿನ ಅಡಿಯಲ್ಲಿ ಬಾಸೆಲ್ ಮಿಷನ್ನಿನ ಮುದ್ರೆಯೂ 1865 ಎಂಬ ಇಸವಿಯೂ ಇತ್ತು. ಅದು ಆ ಹಂಚು ಬೆಂದ ವರ್ಷವಲ್ಲ. ಮಂಗಳೂರಿನ ಜೆಪ್ಪುವಿನಲ್ಲಿ ನೇತ್ರಾವತಿಯ ದಂಡೆಯಲ್ಲಿ ಕಾರ್ಖಾನೆ ಶುರುವಾದ ವರ್ಷ. ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ತಂತ್ರಜ್ಞ ಅಲ್ಲಿನ ಜೇಡಿಮಣ್ಣನ್ನು ಪರೀಕ್ಷಿಸಿ, ಒಂದಕ್ಕೊಂದು ತೋಡಿನಲ್ಲಿ ಕಚ್ಚಿಕೊಳ್ಳುವ ಹಂಚನ್ನು ಅಚ್ಚಿನಲ್ಲಿ ಒತ್ತುವ ಕೆಲಸ ಆರಂಭಿಸಿದ. ಮತಾಂತರವಾಗಿ ಕುಲಕಸುಬನ್ನೂ ನೆಲೆಯನ್ನೂ ಕಳೆದುಕೊಂಡವರಿಗೆ ದುಡಿಮೆ ಕೊಡುವುದು ಮಿಷನ್ನಿನ ಉದ್ದೇಶಗಳಲ್ಲೊಂದು. ಅದಕ್ಕೆ ಮುಂಚೆ ಬಡವರ ಮನೆಗೆ ಹುಲ್ಲು, ಸೋಗೆ, ಇಲ್ಲವೇ ಕುಂಬಾರರು ಮಾಡಿದ ನಾಡಹಂಚು. ನಾಡಹಂಚನ್ನು ವರ್ಷ ವರ್ಷವೂ ಇಳಿಸಿ ಕೈಯಾಡಿಸಬೇಕು. ಬೆಕ್ಕು ಓಡಿದರೂ ಜರುಗುತ್ತದೆ. ಕಚ್ಚಿಕೊಳ್ಳುವ ಹಂಚು ಬಂದದ್ದರಿಂದ ಸಾಧಾರಣ ಮನೆಯವರಿಗೂ ಹಲವು ಮಳೆಗಾಲದ ನೆಮ್ಮದಿ ಸಿಕ್ಕಿತು. ಮಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಮೂರು ಸಾವಿರ ಮಿಲಿಮೀಟರನ್ನು ಸುಲಭವಾಗಿ ದಾಟುತ್ತದೆ. ಬೆಂಗಳೂರಿನದು ಸಾವಿರದ ಆಸುಪಾಸು. ಅಲ್ಲಿ ತಡೆದದ್ದು ಇಲ್ಲಿ ಸೋರುತ್ತಿದೆ ಎಂದರೆ ಹಂಚನ್ನು ಬೈಯುವ ಮೊದಲು ಬೇರೆ ಕಡೆ ನೋಡಬೇಕು.

ಆಚಾರ್ರು ತೋರಿಸಿದ್ದೂ ಅದನ್ನೇ. ಸ್ಕ್ರೂಡ್ರೈವರಿನ ಮೊನೆಯಿಂದ ಪಕಾಸಿಯನ್ನು ಅಡಿಗೊಂದು ಸಲ ಚುಚ್ಚುತ್ತ ಬಂದರು. ನಡುವೆ ಮೊನೆ ಇಳಿಯಲೇ ಇಲ್ಲ. ಗೋಡೆ ಸಮೀಪಿಸಿದಂತೆ ಹಿಡಿಯವರೆಗೆ ಹೋಯಿತು. "ಹಂಚು ಸೋತಿಲ್ಲ ಸಾರ್, ಕೆಳಗಿರೋ ಮರ ಸೋತಿದೆ. ಪಕಾಸಿ ಕುಸಿದ್ರೆ ರೀಪು ಬಾಗುತ್ತೆ, ರೀಪು ಬಾಗಿದ್ರೆ ಹಂಚಿನ ಬಾಯಿ ಬಿಡುತ್ತೆ. ನೀವು ಮೇಲಿಂದ ಸಿಮೆಂಟ್ ಮೆತ್ತಿ ಏನು ಪ್ರಯೋಜನ?" ಎಂದರು. ಸೋರಿದ ಇನ್ನೊಂದು ಜಾಗ ನೆತ್ತಿ. ಅಲ್ಲಿ ಮೆತ್ತಿದ ಗಟ್ಟಿ ಸಿಮೆಂಟು ಬಿಸಿಲಿಗೆ ಬಿರುಕು ಬಿಟ್ಟು ನೀರು ಕುಡಿಯುತ್ತಿತ್ತು. ಪಕ್ಕದ ಕಟ್ಟಡದ ಗೋಡೆಗೆ ಚಾವಣಿ ತಾಗುವ ಅಂಚಿನಲ್ಲಿ ತಗಡಿನ ಪಟ್ಟಿಯೇ ಇರಲಿಲ್ಲ. ಬೀದಿಯಿಂದ ನೋಡುವವನಿಗೆ ಕಾಣುವುದು ಹಂಚು. ಸೋತದ್ದೆಲ್ಲ ಕಾಣದ ಕಡೆ ಇತ್ತು.

ಆ ಬೆಳಿಗ್ಗೆ ನನಗೊಂದು ಸಮಾಧಾನ ಸಿಕ್ಕಿತು. ಹೊಗಳಿಕೆಯ ಆಸೆಯನ್ನು ಪಕ್ಕಕ್ಕಿಟ್ಟ ಮೇಲೂ ಹಂಚಿನ ಮೇಲೆ ಗೌರವ ಉಳಿದಿತ್ತು. ಒಂದು ಒಡೆದರೆ ಒಂದನ್ನೇ ಬದಲಿಸಬಹುದು, ಏಣಿ ಇದ್ದರೆ ಸಾಕು, ಕಂಪನಿಯವರನ್ನು ಕಾಯಬೇಕಿಲ್ಲ. ಇಳಿಸಿ, ತೊಳೆದು, ಬೇರೆ ಮನೆಗೂ ಹೊದಿಸಬಹುದು. ಗೋಡೆ ಹೊರಬಲ್ಲಷ್ಟೇ ಭಾರ. ಅಮ್ಮನ ನಾಲ್ಕು ಬೇಡಿಕೆಗಳನ್ನು ಹಂಚು ಈಡೇರಿಸಬಲ್ಲದಾದರೆ ಮಾತ್ರ ಹಂಚು, ಇಲ್ಲದಿದ್ದರೆ ಅಕ್ಕ ಹೇಳಿದ ಶೀಟು ಎಂದು ಮನಸ್ಸಿನಲ್ಲಿ ಕರಾರು ಮಾಡಿಕೊಂಡೆ. ಅಕ್ಕನಿಗೂ ಹಾಗೇ ಹೇಳಿದೆ.

ಮಣ್ಣಿಗೂ ಇಲಿಗೂ ಹಳಬರ ಕೈಯಲ್ಲೇ ಉತ್ತರವಿತ್ತು. ಮಂಗಳೂರು ಹಂಚಿನ ಅಡಿಗೆ ಚಪ್ಪಟೆಯಾದ ಸೀಲಿಂಗ್ ಹಂಚಿನ ಇನ್ನೊಂದು ಪದರ ಹಾಕುತ್ತಾರೆ. ಧೂಳು ತಡೆಯುತ್ತದೆ, ನಡುವಿನ ಗಾಳಿಯಿಂದ ತಂಪೂ ಹೆಚ್ಚು, ಕೆಳಗಿನಿಂದ ನೋಡಲೂ ಓರಣ. ತೂಕ ಕೂಡುತ್ತದೆ, ಆದ್ದರಿಂದ ಪಕಾಸಿಯ ಅಳತೆಯನ್ನು ಆ ಭಾರಕ್ಕೆ ತಕ್ಕಂತೆ ಹಿಡಿಯಬೇಕು. ಸೂರಿನ ತುದಿಯಲ್ಲಿ ಹಂಚಿನ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಬಿಗಿದರೆ ಇಲಿಗೆ ದಾರಿಯಿಲ್ಲ, ಗಾಳಿಗೆ ಅಡ್ಡಿಯಿಲ್ಲ. ಬಕೆಟ್ಟಿಗೆ ಉತ್ತರ ನೇರ ನಿಂತ ಮರ, ಮತ್ತು ಗೋಡೆ ಸೇರುವ ಕಡೆ ಅಲ್ಯೂಮಿನಿಯಂ ಪಟ್ಟಿ. ಬೆಳಕಿಗೆ ಗಾಜಿನ ಹಂಚು: ಅಮ್ಮನ ಮಂಚದ ತಲೆಗಡೆಯಲ್ಲಿ ಎರಡು.

ಮರವನ್ನು ನೋಡಲು ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಗೆ ಹೋದೆ. ಅಲ್ಲಿ ನನ್ನ ಮನಸ್ಸು ಮತ್ತೆ ಹೊಯ್ದಾಡಿತು. ತೇಗದ ಮೇಲೆ ಕೈಯಾಡಿಸಿದವನಿಗೆ ಬೇರೆ ಮರ ಹಿಡಿಸುವುದು ಕಷ್ಟ. ಆದರೆ ಸೀಲಿಂಗ್ ಹಂಚಿನ ಮೇಲೆ ಅಡಗಿ ಕೂರುವ ರೀಪಿಗೆ ತೇಗ ಹಾಕುವುದು ನನ್ನ ತೃಪ್ತಿಗಷ್ಟೇ. ಮನೆ ಒಡೆಯುವವರಿಂದ ಬಂದ ಹಳೇ ಹೊನ್ನೆ, ಮತ್ತಿ ತೊಲೆಗಳು ಒಣಗಿ ಗಟ್ಟಿಯಾಗಿದ್ದವು. ಹಸಿಮರದ ಹಾಗೆ ಆಮೇಲೆ ತಿರುಚಿಕೊಳ್ಳುವ ಭಯವಿಲ್ಲ. ಮೊಳೆ ಉಳಿದಿದೆಯೇ, ಕೊರೆಹುಳುವಿನ ಸಣ್ಣ ತೂತು, ಹಿಟ್ಟಿನಂಥ ಪುಡಿ ಇದೆಯೇ ಎಂದು ನೋಡಿ ಆರಿಸಬೇಕು. ಪಕಾಸಿಗೆ ಅದನ್ನು ತೆಗೆದುಕೊಂಡೆವು. ಗೋಡೆಯ ಮೇಲೆ ಕೂರುವ ತುದಿಗಳೇ ಮೊದಲು ಕೊಳೆತಿದ್ದವು. ಅಲ್ಲಿಗೆ ಮರ ಗೋಡೆಯನ್ನು ನೇರ ಮುಟ್ಟದ ಹಾಗೆ ಕಲ್ಲಿನ ದಿಂಡು ಕೊಟ್ಟು, ತುದಿಗೆ ಗೆದ್ದಲಿನ ಔಷಧಿ ಎರಡು ಸಲ ಬಳಿದು, ಗಾಳಿಯಾಡಲು ಬಿಟ್ಟೆವು.

ಇಷ್ಟು ಸಾಮಾನಿನ ಮಾತು. ಸಲಕರಣೆಯ ಮಾತು ಬಂದಾಗ ನನ್ನೊಳಗಿನ ಇನ್ನೊಂದು ಮೂಲೆ ಕಂಡಿತು. ಎಸ್.ಪಿ. ರಸ್ತೆಯಲ್ಲೂ ಕಲಾಸಿಪಾಳ್ಯದಲ್ಲೂ ತಿರುಗಿ ಡ್ರಿಲ್, ಒಳ್ಳೇ ಗರಗಸ, ರಸಮಟ್ಟ, ಟೇಪು ಎಲ್ಲ ಹುಮ್ಮಸ್ಸಿನಿಂದ ಕೊಂಡೆ. ಆಚಾರ್ರ ಹತ್ತಿರ ಅವರ ಉಳಿ, ಬಾಚಿ, ಕೀಸುಳಿ ಇದ್ದವು. ರೀಪು ಸಾಲು ಹಿಡಿಯಲು ನೂಲುಂಡೆ ಇತ್ತು. ನನ್ನ ಡ್ರಿಲ್ಲಿಗಿಂತ ಆ ನೂಲೇ ಹೆಚ್ಚು ಕೆಲಸ ಮಾಡಿತು. ಹಂಚಿನ ಚಾವಣಿಯ ಜೀವ ಇರುವುದು ರೀಪಿನ ಅಂತರದಲ್ಲಿ. ಹಂಚುಗಳನ್ನು ನೆಲದ ಮೇಲೆ ಸಾಲಾಗಿ ಜೋಡಿಸಿ, ಒಮ್ಮೆ ಎಳೆದು ಬಿಡಿಸಿ ಅಳೆದು, ಒಮ್ಮೆ ಒತ್ತಿ ಅಳೆದು, ನಡುವಿನ ಅಳತೆ ಹಿಡಿಯಬೇಕು. ಸುಮಾರು ಒಂದಡಿ ಚಿಲ್ಲರೆ ಬರುತ್ತದೆ. ಆ ಅಳತೆಗೆ ಪಕಾಸಿಯ ಉದ್ದಕ್ಕೂ ಗುರುತು ಹಾಕಿ, ನೂಲು ಬಿಗಿದು, ರೀಪು ಹೊಡೆಯಬೇಕು. ಅಂದಾಜಿನಲ್ಲಿ ಹೊಡೆದರೆ ನೆತ್ತಿ ಮುಟ್ಟುವ ಹೊತ್ತಿಗೆ ಹಂಚು ಸಾಲದೆ ಹೋಗುತ್ತದೆ, ಇಲ್ಲವೇ ಹೆಚ್ಚಾಗಿ ಎಗರಿ ಕೂರುತ್ತದೆ.

ಸಲಕರಣೆಗಳ ಪಟ್ಟಿಯ ಕೊನೆಗೆ ಆಚಾರ್ರು ಮೂರು ಹೆಸರು ಬರೆಸಿದ್ದರು: ಸಾರುವೆಗೆ ಬಾಡಿಗೆಯ ಕಬ್ಬಿಣದ ಪೈಪು, ಮೈಗೆ ಕಟ್ಟುವ ಸೇಫ್ಟಿ ಬೆಲ್ಟು ಮತ್ತು ಹಗ್ಗ, ಹಂಚಿನ ಮೇಲೆ ನಡೆಯಲು ಹಲಗೆ. ಅವುಗಳ ಬಾಡಿಗೆ, ಬೆಲೆ ನೋಡಿದ ಕೂಡಲೇ ನನ್ನ ಮನಸ್ಸು ಕಡಿತದ ಲೆಕ್ಕಕ್ಕಿಳಿಯಿತು. ಎರಡು ಏಣಿ ಸಾಲದೇ? ಇಷ್ಟು ಎತ್ತರಕ್ಕೆ ಬೆಲ್ಟು ಬೇಕೇ? ತೇಗಕ್ಕೆ ಹಣ ಹೊಂದಿಸುವ ಯೋಚನೆ ಮಾಡಿದ ಮನಸ್ಸು ಇದೇ. ಕೆಲಸ ಮುಗಿದ ಮೇಲೆ ಮನೆಯಲ್ಲಿ ಉಳಿಯುವ ವಸ್ತುವಿಗೆ ಕೊಟ್ಟ ಹಣ ನನಗೆ ಹೂಡಿಕೆಯಾಗಿ ಕಾಣುತ್ತಿತ್ತು. ಮೇಲೆ ಹತ್ತುವ ಹುಡುಗನ ಬೆನ್ನುಮೂಳೆ ಕಾಯುವ ವಸ್ತುವಿಗೆ ಕೊಟ್ಟ ಹಣ ಹೋದ ಹಣವಾಗಿ ಕಾಣುತ್ತಿತ್ತು. ಇದನ್ನು ಬರೆಯಲು ನನಗೆ ಹಿತವಾಗುತ್ತಿಲ್ಲ. ಆದರೆ ಈ ಊರಿನಲ್ಲಿ ಮನೆ ಕೆಲಸ ಮಾಡಿಸುವ ನಮ್ಮಂಥವರ ಲೆಕ್ಕದ ಪುಸ್ತಕ ಹೆಚ್ಚಾಗಿ ಹೀಗೇ ಇರುತ್ತದೆ. ಹಂಚಿನ ಇಳಿಜಾರಿನಿಂದ ಜಾರಿದವನು ನೆಲ ಮುಟ್ಟಲು ಒಂದು ಕ್ಷಣವೂ ಬೇಡ. ಹತ್ತಡಿಯ ಬೀಳು ಸಾಕು ಒಂದು ಸಂಸಾರ ಕುಸಿಯಲು. ಕಟ್ಟಡ ಕಾರ್ಮಿಕರ ಸುರಕ್ಷತೆಗೆ 1996ರಲ್ಲೇ ಕೇಂದ್ರದ ಕಾನೂನು ಬಂತು. ಆದರೆ ಒಂದು ಮನೆಯ ಸಣ್ಣ ಕೆಲಸದಲ್ಲಿ ಬೆಲ್ಟು ಕಟ್ಟಿದ್ದಾರೆಯೇ ಎಂದು ನೋಡಲು ಯಾರೂ ಬರುವುದಿಲ್ಲ. ಅಲ್ಲಿ ಮಾಡಿಸುವವನ ಮನಸ್ಸಾಕ್ಷಿಯೇ ಕಾವಲು. ಪೈಪು, ಬೆಲ್ಟು, ಹಲಗೆ ಮೂರೂ ಬಂದವು. ಭಾರತೀಯ ಮಾನಕದ ಐಎಸ್ 3521 ಗುರುತು ನೋಡಿ ಬೆಲ್ಟು ತಂದೆ, ಬೆಲ್ಟಿನ ಹಗ್ಗವನ್ನು ರೀಪಿಗೆ ಕಟ್ಟಿದರೆ ಪ್ರಯೋಜನವಿಲ್ಲವೆಂದು ಗಟ್ಟಿ ತೊಲೆಗೆ ಕಟ್ಟಿಸಿದೆ. ಹಣ ಹೊಂದಿಸಲು ಮುಂಬಾಗಿಲ ಜಗಲಿಯ ಪಾಲಿಶ್ ಬಿಟ್ಟೆ.

ಬಚ್ಚಲ ಮೇಲಿನ ಕಲ್ನಾರು ಶೀಟಿನಲ್ಲೂ ಇದೇ ಪ್ರಶ್ನೆ. ಕಲ್ನಾರಿನ ಎಳೆ ಶ್ವಾಸಕೋಶಕ್ಕೆ ಹೋದರೆ ದಶಕಗಳ ನಂತರ ಕ್ಯಾನ್ಸರ್ ತರಬಲ್ಲದು. ಅದರ ಎಲ್ಲ ಬಗೆಗಳೂ ಅಪಾಯಕಾರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 1995ರಲ್ಲಿ ಸುಪ್ರೀಂ ಕೋರ್ಟ್ ಕಲ್ನಾರು ಕಾರ್ಮಿಕರ ಪ್ರಕರಣದಲ್ಲಿಯೇ ದುಡಿಯುವವನ ಆರೋಗ್ಯ ಅವನ ಬದುಕುವ ಹಕ್ಕಿನ ಭಾಗ ಎಂದು ಹೇಳಿತು. ಸುತ್ತಿಗೆಯಿಂದ ಒಡೆದು ಮೂಟೆ ಕಟ್ಟುವುದು ಸುಲಭ, ಅದರ ಧೂಳು ಒಡೆಯುವವನ ಎದೆಗೆ. ಒಡೆಯದೆ, ಗ್ರೈಂಡರ್ ತಾಗಿಸದೆ, ನೀರು ಚಿಮುಕಿಸುತ್ತ ಬೋಲ್ಟು ಬಿಚ್ಚಿ, ಇಡೀ ಶೀಟನ್ನೇ ಇಳಿಸಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಸಿದೆವು. ಕೆಲಸದವರಿಗೆ ಸಣ್ಣ ಧೂಳು ತಡೆಯುವ ಮಾಸ್ಕ್ ಕೊಟ್ಟೆವು, ಬಟ್ಟೆ ಕರವಸ್ತ್ರದಿಂದ ಆಗುವುದಿಲ್ಲ. ಆ ಜಾಗಕ್ಕೆ ಮಾತ್ರ ಗ್ಯಾಲ್ವಾಲ್ಯೂಮ್ ಶೀಟು ಬಂತು. ಇಳಿಜಾರು ತೀರ ಕಡಿಮೆ ಇದ್ದ ಆ ಮೂಲೆಗೆ ಹಂಚು ಹೊಂದುವುದಿಲ್ಲ. ನೀರು ಹಿಂದಕ್ಕೆ ನುಗ್ಗುತ್ತದೆ. ಅಕ್ಕನ ಆಯ್ಕೆಗೆ ಅದರ ತಕ್ಕ ಜಾಗ ಸಿಕ್ಕಿತು.

ಕೊನೆಯ ತೀರ್ಮಾನ ನಾನು ನೆನೆಸದ ಕಡೆಯಿಂದ ಬಂತು. ಬಡಿದು, ತೊಳೆದು, ಆರಿಸಿ ಉಳಿದ ಹಳೇ ಹಂಚು ಒಂದು ಇಳಿಜಾರಿಗೆ ಮಾತ್ರ ಸಾಕಾಗುವಷ್ಟಿತ್ತು. ಇನ್ನೊಂದಕ್ಕೆ ಹೊಸ ಹಂಚು. ಎರಡನ್ನೂ ಬೆರೆಸುವ ಹಾಗಿಲ್ಲ: ಒಂದು ಕಾರ್ಖಾನೆಯ ಅಚ್ಚಿನ ತೋಡು ಇನ್ನೊಂದರದಕ್ಕೆ ಕೂರುವುದಿಲ್ಲ, ಕೂತಂತೆ ಕಂಡರೂ ಸಂದಿಯಲ್ಲಿ ನೀರು ಇಳಿಯುತ್ತದೆ. ಹಾಗಾಗಿ ಒಂದು ಕಡೆ ಹಳೆಯದು, ಒಂದು ಕಡೆ ಹೊಸದು. ನನ್ನ ಬಾಯಿಂದ "ಮುಂದೆ ಹಳೇದು ಹಾಕೋಣ" ಎಂದು ಬರುವುದರಲ್ಲಿತ್ತು. ಬೀದಿಗೆ ಕಾಣುವುದು ಅದೇ ತಾನೇ.

ಆಚಾರ್ರು ಮುಂಚೆಯೇ ಯೋಚಿಸಿದ್ದರು. "ಮಳೆ ಗಾಳಿ ಹೊಡೆಯೋದು ಪಡುವಣದಿಂದ. ಬಿಸಿಲೂ ಮಧ್ಯಾಹ್ನದ ಮೇಲೆ ಆ ಕಡೇನೇ. ಅಜ್ಜಿ ಮಲಗೋದೂ ಅಲ್ಲೇ. ಇರೋದ್ರಲ್ಲಿ ಗಟ್ಟಿ ಹಂಚು ಯಾವುದೋ ಅದು ಹಿಂದಕ್ಕೆ ಹೋಗ್ಬೇಕು ಸಾರ್." ಹೊಸದನ್ನೂ ಹಳೆಯದನ್ನೂ ನನ್ನ ಎದುರೇ ಬಡಿದು ತೋರಿಸಿದರು. ಕೊಂಡು ತಂದ ಹೊಸ ಹಂಚಿನಲ್ಲಿ ಸದ್ದು ಒಂದೊಂದಕ್ಕೆ ಒಂದೊಂದು ಥರ. ಅಷ್ಟು ಮಳೆಗಾಲ ಕಂಡು ಉಳಿದ ಹಳೆಯದರಲ್ಲಿ ಒಂದೇ ಸಮನೆ ಠಣ್. ಹೊಸದು ಕಳಪೆ ಎಂದಲ್ಲ, ಅದೂ ಬಾಳುತ್ತದೆ. ಆದರೆ ಎರಡರಲ್ಲಿ ಯಾವುದು ಹೆಚ್ಚು ಗಟ್ಟಿ ಎಂಬುದರಲ್ಲಿ ಸಂಶಯವಿರಲಿಲ್ಲ.

ನಾನು ಆ ಹೊತ್ತು ಸುಮ್ಮನೆ ಒಪ್ಪಿದೆನೆಂದು ಹೇಳಿದರೆ ಸುಳ್ಳಾಗುತ್ತದೆ. ಮನಸ್ಸಿನಲ್ಲಿ ಒಂದು ಸಂಜೆ ಪೂರ್ತಿ ಜಗ್ಗಾಟ ನಡೆಯಿತು. ಕಪ್ಪುಗೆಂಪು ಬಣ್ಣದ, 1865ರ ಮುದ್ರೆಯ ಆ ಹಂಚುಗಳನ್ನು ಯಾರಿಗೂ ಕಾಣದ ಹಿಂಬದಿಗೆ ಕಳಿಸಿ, ಎದ್ದು ಕಾಣುವ ಹೊಸ ಕೆಂಪನ್ನು ಬೀದಿಗೆ ತೋರಿಸಬೇಕಿತ್ತು. ದಾರಿಹೋಕರು ಇನ್ನು ನಿಲ್ಲಲಿಕ್ಕಿಲ್ಲ. ಪರಂಪರೆ ಎಂದು ನಾನು ಅಷ್ಟು ದಿನ ಹೇಳಿದ್ದರಲ್ಲಿ ಎಷ್ಟು ಪಾಲು ಆ ಹಂಚಿನದು, ಎಷ್ಟು ಪಾಲು ನನ್ನದು ಎಂಬುದು ಆ ಸಂಜೆ ಬೇರೆ ಬೇರೆಯಾಯಿತು. ಜೆಪ್ಪುವಿನಲ್ಲಿ ಮಣ್ಣು ತುಳಿದು, ಅಚ್ಚು ಒತ್ತಿ, ಗೂಡಿನಲ್ಲಿ ಬೇಯಿಸಿದವರು ಅದನ್ನು ಮಳೆ ತಡೆಯಲೆಂದು ಮಾಡಿದರು. ಮಳೆ ಹೆಚ್ಚು ಬಡಿಯುವ ಕಡೆ, ಮನುಷ್ಯರು ಮಲಗುವ ಕಡೆ ಅದನ್ನು ಇಡುವುದೇ ಅವರ ದುಡಿಮೆಗೆ ಸಲ್ಲುವ ಮರ್ಯಾದೆ. ಹಳೇ ಹಂಚು ಹಿಂದಕ್ಕೆ ಹೋಯಿತು.

ಕೆಲಸದ ಕೊನೆಯಲ್ಲಿ ಅಕ್ಕ ಬಂದು ನೋಡಿದಳು. "ಇದೂ ಇಪ್ಪತ್ತು ವರ್ಷ ಬರುತ್ತೇನೋ?" ಎಂದು ಕೇಳಿದಳು. ವರ್ಷಕ್ಕೊಮ್ಮೆ ಯಾರಾದರೂ ಹತ್ತಿ ನೋಡಿದರೆ ಅದಕ್ಕಿಂತ ಹೆಚ್ಚೇ ಬರುತ್ತದೆ ಎಂದೆ. "ಯಾರು ಹತ್ತೋರು?" ಎಂದಳು. ಅದು ಸರಿಯಾದ ಪ್ರಶ್ನೆ. ಮುಂಗಾರಿಗೆ ಮುಂಚೆ ಎಲೆ ಗುಡಿಸಬೇಕು, ಮಳೆನೀರಿನ ದೋಣಿಯಲ್ಲಿ ಕಟ್ಟಿದ ಕಸ ತೆಗೆಯಬೇಕು, ಜರುಗಿದ ಹಂಚು ಕೂರಿಸಬೇಕು, ಪಕಾಸಿಯ ತುದಿಯಲ್ಲಿ ಗೆದ್ದಲ ಮಣ್ಣು ಏರಿದೆಯೇ ನೋಡಬೇಕು. ಹಂಚನ್ನು ಆರಿಸಿದವನು ಈ ಕೆಲಸವನ್ನೂ ಆರಿಸಿಕೊಂಡ ಹಾಗೆ. ಅಕ್ಕನ ಎದುರೇ ಆಚಾರ್ರಿಗೆ ಫೋನ್ ಮಾಡಿ ಪ್ರತಿ ಮೇ ತಿಂಗಳು ಬರಲು ಒಪ್ಪಿಸಿದೆ. ಆ ಕೂಲಿಯನ್ನು ಕೊಡುವವನು ನಾನು, ಅವರು ಬಂದಾಗ ಕೆಳಗೆ ಹಗ್ಗ ಹಿಡಿದು ನಿಲ್ಲುವವನೂ ನಾನು. ಅದು ನನ್ನಿಂದ ಆಗದ ವರ್ಷ ಬಂದರೆ ಹಂಚು ಇಳಿಸಿ ಶೀಟು ಹಾಕಿಸಲು ನನ್ನ ಅಡ್ಡಿಯಿಲ್ಲ ಎಂದೂ ಅವಳಿಗೆ ಹೇಳಿದ್ದೇನೆ. ಇಳಿಸಿದ ಹಂಚು ಆಗಲೂ ಇನ್ನೊಂದು ಮನೆಗೆ ಬರುತ್ತದೆ.

ದಕ್ಷಿಣ ಬೆಂಗಳೂರಿನ ಒಳಬೀದಿಗಳಲ್ಲಿ ಉಳಿದ ಹಂಚಿನ ಮನೆಗಳ ಮುಂದೆ ಇವತ್ತು ಹಲವರು ನನ್ನ ಹಾಗೆಯೇ ನಿಂತು ಯೋಚಿಸುತ್ತಿರುತ್ತಾರೆ. ಹಂಚೇ ಸರಿ ಎಂದು ಅವರಿಗೆ ಹೇಳಲಾರೆ. ಗೋಡೆ, ಇಳಿಜಾರು, ಹಣ ಒಬ್ಬೊಬ್ಬರದು ಒಂದೊಂದು. ಅಂಗಡಿಗೆ ಹೋಗುವ ಮೊದಲು ಒಳಗೆ ಮಲಗುವವರನ್ನೂ ಮೇಲೆ ಹತ್ತುವವರನ್ನೂ ಕೂರಿಸಿ ಅವರಿಗೆ ಏನು ಬೇಕೆಂದು ಕೇಳಿ ಬರೆದುಕೊಳ್ಳಿ ಎಂದಷ್ಟೇ ಹೇಳಬಲ್ಲೆ. ಬೀದಿಯಿಂದ ನೋಡುವವರ ಆಸೆಗೆ ಆ ಪಟ್ಟಿಯ ಕೊನೆಯಲ್ಲಿ ಜಾಗ ಉಳಿದರೆ ಉಳಿಯಲಿ. ನಮ್ಮ ಮನೆಯಲ್ಲಿ ಮುಂದಿನ ಇಳಿಜಾರಿನ ಹೊಸ ಕೆಂಪು ಬಣ್ಣ ಮಾಸಲು ಇನ್ನೂ ಹಲವು ಮಳೆಗಾಲ ಬೇಕು. ನಾನು ಕಾಯಬಲ್ಲೆ. ಅಮ್ಮ ಕಾಯುವ ಹಾಗಿರಲಿಲ್ಲ.